ಬೀಡಿನ ಧೂಳು, ಜುಮ್ಮೆನ್ನುವ ಗ್ರೈಂಡರ್

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್ ಹತ್ತಿರ ನನ್ನದೊಂದು ಸಣ್ಣ ಶೆಡ್ ಇದೆ. ಫೌಂಡ್ರಿಗಳಿಂದ ಬರುವ ಬೀಡಿನ (ಎರಕದ ಕಬ್ಬಿಣದ) ಕಾಸ್ಟಿಂಗ್‌ಗಳಿಗೆ ಫೆಟ್ಲಿಂಗ್, ಅಂದರೆ ಅಂಚಿನಲ್ಲಿ ಉಳಿದ ಹೆಚ್ಚುವರಿ ಲೋಹ ತಿಕ್ಕಿ ತೆಗೆಯುವ ಕೆಲಸ, ಮಾಡಿಕೊಡುತ್ತೇವೆ. ಕೆಲಸ ಕಡಿಮೆ ಇದ್ದಾಗ ಗೇಟು, ಗ್ರಿಲ್ ಕೂಡ. 4 ಇಂಚು, 5 ಇಂಚಿನ ಏಳು ಗ್ರೈಂಡರ್‌ಗಳಿವೆ. ಕಳೆದ ಒಂದು ವರ್ಷದಲ್ಲಿ ಐದು ಆರ್ಮೇಚರ್ (ಮೋಟರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಸುಟ್ಟವು. ರಿವೈಂಡಿಂಗ್‌ನವರನ್ನು ಕೇಳಿದರೆ 'ಹುಡುಗರು ಒತ್ತಿ ಒತ್ತಿ ಹೊಡೆಯುತ್ತಾರೆ, ಓವರ್‌ಲೋಡ್' ಅನ್ನುತ್ತಾರೆ. ಈ ಮಳೆಗಾಲದಲ್ಲಿ ಒಂದು ಗ್ರೈಂಡರ್‌ನ ಗೇರ್ ಭಾಗ ಮುಟ್ಟಿದರೆ ಜುಮ್ಮೆನ್ನುತ್ತದೆ. ಅದಕ್ಕಿರುವುದು ಎರಡೇ ಪಿನ್. ಮೂರು ಪಿನ್ನಿನ ಪ್ಲಗ್ ಹಾಕಿ ಅರ್ಥಿಂಗ್ ಕೊಡಬಹುದೇ? ದಿನಾ ಸಂಜೆ ಕಂಪ್ರೆಸರ್‌ನಿಂದ ಗಾಳಿ ಹೊಡೆಯುತ್ತೇವೆ, ಆದರೂ ಹೀಗೇಕೆ? ಪಕ್ಕದಲ್ಲೇ ಇರುವ ವೆಲ್ಡಿಂಗ್ ಇನ್ವರ್ಟರ್‌ನ ಬೋರ್ಡೂ ಒಮ್ಮೆ ಹೋಯಿತು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಜುಮ್ಮೆನ್ನುವ ಆ ಗ್ರೈಂಡರನ್ನು ಮೊದಲು ಕೆಲಸದಿಂದ ತೆಗೆಯಿರಿ. ಮೂಲೆಗೆ ಎತ್ತಿಟ್ಟರೆ ಸಾಲದು. ನಾಳೆ ಅರ್ಜೆಂಟ್ ಕೆಲಸ ಬಂದರೆ ಹುಡುಗರಲ್ಲಿ ಒಬ್ಬ ಅದನ್ನೇ ಹುಡುಕಿ ತರುತ್ತಾನೆ. ಪ್ಲಗ್ ಕತ್ತರಿಸಿ ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ಆಮೇಲೆ ಮುಂದಿನದನ್ನು ಓದಿ.

ಇಷ್ಟು ಗಾಬರಿ ಏಕೆಂದರೆ, ಕೈಗೆ ಜುಮ್ಮೆನ್ನಬೇಕಾದರೆ ಮೈಯಲ್ಲಿ ಸುಮಾರು 1 ಮಿಲಿಆಂಪ್ ಹರಿಯುತ್ತಿರಬೇಕು. 230 ವೋಲ್ಟಿನಲ್ಲಿ ಅಷ್ಟು ಕರೆಂಟ್ ಹರಿಯಲು ಒಳಗಿನ ಇನ್ಸುಲೇಶನ್‌ನ, ಅಂದರೆ ಕರೆಂಟ್ ಹೊರಬರದಂತೆ ಕಾಯುವ ಹೊದಿಕೆಯ, ತಡೆ ಸುಮಾರು 0.2 ಮೆಗಾಓಮ್‌ಗೆ ಇಳಿದಿರಬೇಕು. ಇಂಥ ಟೂಲ್‌ನಲ್ಲಿ ಕರೆಂಟಿನ ಭಾಗಕ್ಕೂ ಕೈಗೆ ತಾಗುವ ಲೋಹಕ್ಕೂ ನಡುವೆ ಕನಿಷ್ಠ 7 ಮೆಗಾಓಮ್ ಇರಬೇಕೆಂಬುದು ತಯಾರಿಕೆಯ ಮಾನದಂಡ. ಒಳ್ಳೆಯ ಹೊಸ ಗ್ರೈಂಡರ್ ಅದಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ. ಅಂದರೆ ನಿಮ್ಮದು ಇರಬೇಕಾದ್ದರ ಮೂವತ್ತರಲ್ಲಿ ಒಂದು ಪಾಲಿಗೆ ಬಂದು ನಿಂತಿದೆ. ಕರೆಂಟ್ ಹೆಚ್ಚೂಕಡಿಮೆ 10 ಮಿಲಿಆಂಪ್ ಮುಟ್ಟಿದರೆ ಕೈಯ ಸ್ನಾಯು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಒಣ ಚಪ್ಪಲಿಯಲ್ಲಿ ನಿಂತವನಿಗೆ ಜುಮ್ಮೆಂದದ್ದು, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವನಿಗೆ ಅಷ್ಟಕ್ಕೇ ನಿಲ್ಲುವುದಿಲ್ಲ.

ಈಗ ಓವರ್‌ಲೋಡ್ ಮಾತು. ಒತ್ತಿ ಹೊಡೆದು ಸುಡುವ ಗ್ರೈಂಡರ್‌ಗಳು ಇಲ್ಲವೆಂದಲ್ಲ, ನನ್ನ ಮೇಜಿಗೂ ಬರುತ್ತವೆ. ಆದರೆ ಸುಟ್ಟ ಆರ್ಮೇಚರ್ ತನ್ನ ಕತೆಯನ್ನು ತಾನೇ ಹೇಳುತ್ತದೆ. ಲೋಡ್‌ನಿಂದ ಸುಟ್ಟದ್ದು ಇಡೀ ಮೈ ಒಂದೇ ಸಮನೆ ಕಂದುಗಟ್ಟಿ ಕಪ್ಪಾಗಿರುತ್ತದೆ. ಹಲವು ಸಲ ಅದರ ಸುತ್ತ ತಿರುಗದೆ ನಿಂತಿರುವ ತಂತಿಸುರುಳಿ, ಅಂದರೆ ಫೀಲ್ಡ್ ಕಾಯಿಲ್ ಕೂಡ ಜೊತೆಗೇ ಬೆಂದಿರುತ್ತದೆ. ಧೂಳಿನಿಂದ ಹೋದದ್ದು ಹಾಗಿರುವುದಿಲ್ಲ. ಹೆಚ್ಚಿನ ಭಾಗ ಹೊಸದರಂತೆ ಹೊಳೆಯುತ್ತಿರುತ್ತದೆ. ಕಮ್ಯುಟೇಟರ್‌ಗೆ (ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳ ಉರುಳೆಗೆ) ತಂತಿ ಸೇರುವ ಕೊರಳಿನಲ್ಲಿ ಒಂದು ಕಡೆ ಮಾತ್ರ ವಾರ್ನಿಶ್ ಸವೆದು ತಾಮ್ರ ಕೆಂಪಗೆ ಕಾಣುತ್ತದೆ, ಎರಡು ಮೂರು ಪಟ್ಟಿಗಳಷ್ಟೇ ಕರಗಿ ಗುಳಿ ಬಿದ್ದಿರುತ್ತವೆ. ನಿಮ್ಮ ಐದು ಆರ್ಮೇಚರ್‌ಗಳಲ್ಲಿ ಒಂದಾದರೂ ಗುಜರಿಗೆ ಹೋಗದೆ ಉಳಿದಿದ್ದರೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಫೆಟ್ಲಿಂಗ್ ಶೆಡ್‌ನಿಂದ ಬಂದವು ಹೆಚ್ಚಾಗಿ ಎರಡನೆಯ ಜಾತಿಯವೇ.

ಬೀಡಿನ ಧೂಳಿನ ಗುಣವೇ ಬೇರೆ. ಬೂದು ಬೀಡಿನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 3 ಶೇಕಡಾ ಕಾರ್ಬನ್ ಇರುತ್ತದೆ. ಬಹುಪಾಲು ಗ್ರಾಫೈಟ್ ಹಾಳೆಗಳ ರೂಪದಲ್ಲಿ. ಗ್ರಾಫೈಟ್ ಹಗುರ, ಆದ್ದರಿಂದ ಗಾತ್ರದ ಲೆಕ್ಕ ಹಿಡಿದರೆ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು. ನಿಮ್ಮ ಹುಡುಗರ ಮುಖ ಸಂಜೆ ಹೊತ್ತಿಗೆ ಮಸಿ ಹಚ್ಚಿದಂತೆ ಕಪ್ಪಾಗುವುದಕ್ಕೆ ಅದೂ ಒಂದು ಕಾರಣ. ಗ್ರೈಂಡರ್‌ನ ಕಾರ್ಬನ್ ಬ್ರಷ್‌ಗಳಲ್ಲಿ ಇರುವುದೂ ಇದೇ ಗ್ರಾಫೈಟ್. ಕರೆಂಟನ್ನು ದಾಟಿಸಲೆಂದೇ ಆರಿಸಿಕೊಂಡ ವಸ್ತು. ಅದರ ಪುಡಿಯನ್ನು ದಿನವಿಡೀ ಮೋಟರಿಗೆ ಕುಡಿಸುತ್ತಿದ್ದೀರಿ. ಜೊತೆಗೆ ಕಬ್ಬಿಣದ ಪುಡಿ. ಮೋಟರ್ ಓಡುತ್ತಿರುವಾಗ ಫೀಲ್ಡ್ ಕಾಯಿಲ್ ಒಂದು ಅಯಸ್ಕಾಂತವೇ ಆದ್ದರಿಂದ ಆ ಪುಡಿಯನ್ನು ಹಿಡಿದುಕೊಳ್ಳುತ್ತದೆ. ಡಿಸ್ಕಿನಿಂದ ಉದುರುವ ಗರುಸು ಕರೆಂಟ್ ದಾಟಿಸುವುದಿಲ್ಲ, ಅದರ ಕೆಲಸ ಬೇರೆ: ನಿಮಿಷಕ್ಕೆ 11,000 ಸುತ್ತು ಹೊಡೆಯುವ ಡಿಸ್ಕಿಗಿಂತಲೂ ಜೋರಾಗಿ ಸುತ್ತುವ ತಂತಿಯ ಮೇಲಿನ ವಾರ್ನಿಶನ್ನು ಮರಳು ಕಾಗದದ ಹಾಗೆ ತಿಕ್ಕಿ ತೆಗೆಯುತ್ತದೆ. ಒಂದು ಬಾಗಿಲು ಮುರಿದರೆ ಇನ್ನೊಂದು ಒಳಗೆ ನುಗ್ಗುತ್ತದೆ.

ಒಳಗೆ ಹೋಗುವ ದಾರಿ ಯಾವುದು? ಗ್ರೈಂಡರನ್ನು ಒಂದು ಫ್ಯಾನ್ ಎಂದುಕೊಂಡು ನೋಡಿ. ಗೇರ್ ಕಡೆ ಶಾಫ್ಟಿನ ಮೇಲೆ ರೆಕ್ಕೆಯಿದೆ. ಅದು ಹಿಂಬದಿಯ, ಅಂದರೆ ವೈರ್ ಬರುವ ಕಡೆಯ ಸೀಳುಗಳಿಂದ ಗಾಳಿ ಎಳೆದು, ಸ್ವಿಚ್, ಕಾರ್ಬನ್, ಕಮ್ಯುಟೇಟರ್, ವೈಂಡಿಂಗ್ ಎಲ್ಲದರ ಮೇಲೆ ಹಾಯಿಸಿ ಗೇರ್ ಹತ್ತಿರ ಹೊರಗೆ ಬಿಡುತ್ತದೆ. ಆ ಗಾಳಿಯಿಲ್ಲದೆ ಮೋಟರ್ ತಣ್ಣಗಿರುವುದಿಲ್ಲ. ಹಾಗಾಗಿ ಹಿಂದಿನ ಸೀಳಿನ ಮುಂದೆ ಏನಿದೆಯೋ ಅದೇ ಒಳಗೆ ಹೋಗುತ್ತದೆ, ಅದೂ ನೇರವಾಗಿ ಅತಿ ನಾಜೂಕಾದ ಜಾಗದ ಮೇಲೆ.

ಈ ಒಂದು ಮಾತನ್ನು ತಲೆಯಲ್ಲಿಟ್ಟುಕೊಂಡು ನಿಮ್ಮ ಶೆಡ್‌ನಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ನಾನು ಕಂಡ ಬಹುತೇಕ ಶೆಡ್‌ಗಳಲ್ಲಿ ಉದ್ದ ಮೇಜಿನ ಎರಡೂ ಕಡೆ ಹುಡುಗರು ಎದುರುಬದುರು ನಿಂತಿರುತ್ತಾರೆ. ಇವನ ಕಿಡಿ ಅವನ ಗ್ರೈಂಡರ್‌ನ ಬೆನ್ನಿಗೆ, ಅವನದು ಇವನದಕ್ಕೆ. ಗೋಡೆಗೆ ಮುಖ ಮಾಡಿ ನಿಲ್ಲಿಸಿದರೂ ಅದೇ ಗತಿ, ಗೋಡೆಗೆ ಬಡಿದ ಧೂಳು ಹಿಂದಿರುಗಿ ಬರುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಗಾಳಿ ಬೀಸುವುದು ಪಡುವಣದಿಂದ. ಪಡುವಣಕ್ಕೆ ಮುಖ ಮಾಡಿ ಕೆಲಸ ಮಾಡುವವನು ತಾನೆಬ್ಬಿಸಿದ ಧೂಳನ್ನು ತಾನೇ ಉಸಿರಾಡುತ್ತಾನೆ, ಅವನ ಗ್ರೈಂಡರೂ ಅಷ್ಟೇ. ಎಲ್ಲರನ್ನೂ ಒಂದೇ ಸಾಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ಕಿಡಿ ಬಯಲಿನ ಕಡೆಗೋ ಧೂಳು ಎಳೆದುಕೊಳ್ಳುವ ಹೀರುಗೂಡಿನ ಕಡೆಗೋ ಹೋಗುವಂತೆ ನಿಲ್ಲಿಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಮುಂದೆ ನಾನು ಹೇಳುವ ಎಲ್ಲದಕ್ಕಿಂತ ಹೆಚ್ಚು ಉಪಯೋಗ ಇದರಿಂದಲೇ.

ಇನ್ನೊಂದು ಅಭ್ಯಾಸ. ಸ್ವಿಚ್ ಆರಿಸಿ, ಡಿಸ್ಕ್ ಇನ್ನೂ ತಿರುಗುತ್ತಿರುವಾಗಲೇ ಗ್ರೈಂಡರನ್ನು ನೆಲಕ್ಕೋ ಮೇಜಿನ ಮೇಲಿನ ಪುಡಿಯ ರಾಶಿಗೋ ಇಡುವುದು. ಡಿಸ್ಕ್ ಜೊತೆ ರೆಕ್ಕೆಯೂ ತಿರುಗುತ್ತಿರುತ್ತದೆಯಲ್ಲ, ನೆಲದ ಮೇಲೆ ಅಂಗುಲ ದಪ್ಪ ಕೂತಿದ್ದನ್ನು ಆ ಕೆಲವು ಸೆಕೆಂಡುಗಳಲ್ಲಿ ಸೊರ್ರೆಂದು ಎಳೆದುಕೊಳ್ಳುತ್ತದೆ. ದಿನಕ್ಕೆ ನೂರು ಸಲ ಹಾಗಿಟ್ಟರೆ ನೂರು ಗುಟುಕು. ಪ್ರತಿಯೊಬ್ಬನ ಪಕ್ಕದಲ್ಲೂ ಸೊಂಟದೆತ್ತರಕ್ಕೆ ಒಂದು ಕೊಕ್ಕೆಯೋ ಸ್ಟ್ಯಾಂಡೋ ಮಾಡಿಕೊಡಿ. ಗ್ರಿಲ್ ಕೆಲಸದವರು ನೀವು, ತುಂಡು ಸರಳು ನಿಮ್ಮಲ್ಲಿ ಬೇಕಾದಷ್ಟಿರುತ್ತದೆ. ಡಿಸ್ಕ್ ನಿಂತ ಮೇಲೆ ಅಲ್ಲಿಗೇ ತಗುಲಿಸಬೇಕು.

ಸಂಜೆಯ ಗಾಳಿ ಹೊಡೆಯುವ ಕೆಲಸ ಸರಿ, ಹೊಡೆಯುವ ರೀತಿ ಬಹುಶಃ ತಪ್ಪಿದೆ. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ಕೂರುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅದನ್ನು ಬಸಿಯದೆ ಹೊಡೆದರೆ ಧೂಳಿಗೆ ನೀರು ಚಿಮುಕಿಸಿ ಒಳಗೆ ಕೆಸರು ಕಲಸಿದಂತೆ. ಟ್ಯಾಂಕಿನಲ್ಲಿ 8 ಬಾರ್ ಒತ್ತಡ ಇದೆಯೆಂದು ಅಷ್ಟನ್ನೂ ಬಿಟ್ಟರೆ ಪುಡಿ ಹೊರಗೆ ಬರುವ ಬದಲು ಬೇರಿಂಗಿನೊಳಕ್ಕೂ ತಂತಿಗಳ ಸಂದಿಗೂ ಗಟ್ಟಿಯಾಗಿ ಕೂರುತ್ತದೆ. ನಾನು ಮಾಡುವುದು ಹೀಗೆ: ಟ್ಯಾಂಕ್ ಬಸಿದು, ರೆಗ್ಯುಲೇಟರ್‌ನಲ್ಲಿ 2 ಬಾರ್‌ಗೆ ಇಳಿಸಿ, ಶೆಡ್‌ನಿಂದ ಹೊರಗೆ ಹೋಗಿ, ಡಿಸ್ಕ್ ಬಿಚ್ಚಿ, ಗ್ರೈಂಡರನ್ನು ಖಾಲಿ ಓಡಿಸುತ್ತ ಹಿಂದಿನ ಸೀಳುಗಳಿಗೆ ಗೇಣುದ್ದ ದೂರದಿಂದ ಗಾಳಿ ಕೊಡುತ್ತೇನೆ. ಒಳಗಿನ ರೆಕ್ಕೆಯೂ ಅದೇ ದಿಕ್ಕಿಗೆ ಎಳೆಯುತ್ತಿರುವುದರಿಂದ ಸಡಿಲಾದ ಪುಡಿ ಮುಂದಿನಿಂದ ಕಪ್ಪು ಹೊಗೆಯ ಹಾಗೆ ಹೋಗುತ್ತದೆ. ಹೊಗೆ ನಿಂತಾಗ ಸಾಕು. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಬೇಕೇ ಬೇಕು. ಬೀಡಿನ ಕೆಲಸಕ್ಕೆ ದಿನಕ್ಕೊಮ್ಮೆ ಸಾಲದು, ಊಟದ ಹೊತ್ತಿಗೊಮ್ಮೆ, ಸಂಜೆಗೊಮ್ಮೆ ಮಾಡಿ. ಹೀಗೆ ಓಡಿಸಿ ಊದುವುದು ಜುಮ್ಮೆನ್ನದ ಗ್ರೈಂಡರಿಗೆ ಮಾತ್ರ, ಅದೂ ಕೆಳಗೆ ಹೇಳುವ ಆರ್‌ಸಿಸಿಬಿಯ (ಕರೆಂಟ್ ನೆಲಕ್ಕೆ ಸೋರಿದರೆ ತಾನೇ ಕಡಿಯುವ ಸ್ವಿಚ್ಚಿನ) ಹಿಂದೆ ಕೂತ ಪಾಯಿಂಟಿನಿಂದ ಮಾತ್ರ.

ಊದಿದರೆ ಹೋಗುವುದು ಒಣಗಿದ ಸಡಿಲು ಧೂಳು. ಗೇರಿನ ಗ್ರೀಸಿನ ಹಬೆಗೆ ಅಂಟಿಕೊಂಡದ್ದು ಹೋಗುವುದಿಲ್ಲ. ಆದ್ದರಿಂದ ಕಾರ್ಬನ್ ಬದಲಿಸುವಾಗಲೆಲ್ಲ ಹಿಂದಿನ ಕವರ್ ಬಿಚ್ಚಿ, ಒಣ ನೈಲಾನ್ ಪೇಂಟ್ ಬ್ರಷ್‌ನಿಂದ ಒಳಗೆಲ್ಲ ತೂರಿಸಿ ಗುಡಿಸಿ. ಕಮ್ಯುಟೇಟರ್‌ನ ಪಟ್ಟಿಗಳ ನಡುವಿನ ಗೆರೆಗಳಲ್ಲಿ ಕಪ್ಪು ತುಂಬಿದ್ದರೆ ಬಿದಿರು ಕಡ್ಡಿಯ ತುದಿಯಿಂದ ಒಂದೊಂದೇ ಗೆರೆ ಬಿಡಿಸಬೇಕು. ಆ ಗೆರೆ ತುಂಬಿದಾಗಲೇ ಕಾರ್ಬನ್ ಸುತ್ತ ಉಂಗುರದಂತೆ ಕಿಡಿ ಓಡುವುದು. ಎರಡು ಕಾರ್ಬನ್‌ಗಳನ್ನೂ ಒಟ್ಟಿಗೇ ಬದಲಿಸಿ. ಪೆಟ್ರೋಲ್, ಥಿನ್ನರ್ ಹತ್ತಿರವೂ ತರಬೇಡಿ. ಥಿನ್ನರ್ ವಾರ್ನಿಶನ್ನು ಮೆತ್ತಗೆ ಮಾಡುತ್ತದೆ, ಪೆಟ್ರೋಲ್ ಆವಿಗೆ ಕಾರ್ಬನ್‌ನ ಒಂದು ಕಿಡಿ ಸಾಕು. ಎಮರಿ ಕಾಗದವೂ ಬೇಡ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಕಮ್ಯುಟೇಟರನ್ನು ಎಮರಿಯಿಂದ ಕನ್ನಡಿಯಂತೆ ತಿಕ್ಕಿ, ಮೆಚ್ಚುಗೆ ನಿರೀಕ್ಷಿಸಿ ಮೇಷ್ಟ್ರ ಮುಂದಿಟ್ಟಿದ್ದೆ. ಓಡಿಸಿದ ಕೂಡಲೇ ನೀಲಿ ಉಂಗುರ. ಎಮರಿಯಲ್ಲಿ ಕಬ್ಬಿಣದ ಅಂಶವಿರುತ್ತದೆ, ಅದರ ಪುಡಿ ಗೆರೆಯಲ್ಲಿ ಕೂತು ಪಟ್ಟಿಗೂ ಪಟ್ಟಿಗೂ ಸೇತುವೆ ಕಟ್ಟುತ್ತದೆ ಎಂದು ಅವತ್ತು ಬೈಗುಳದ ಸಮೇತ ಕಲಿತೆ. ಸಣ್ಣ ಗಾಜಿನ ಕಾಗದ ಸಾಕು, ಅದೂ ಅಪರೂಪಕ್ಕೆ.

ಸೀಳುಗಳ ಮೇಲೆ ಹೆಂಗಸರ ನೈಲಾನ್ ಕಾಲುಚೀಲ ಎಳೆದು ಕಟ್ಟುವವರಿದ್ದಾರೆ. ನೀವು ಕೇಳಿಲ್ಲ, ಆದರೆ ಇದನ್ನೋದಿ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಬೇಡ. ಅರ್ಧ ಗಂಟೆಯಲ್ಲಿ ಅದು ಧೂಳಿನಿಂದ ಮುಚ್ಚಿಹೋಗುತ್ತದೆ, ಗಾಳಿ ಸಿಗದ ಮೋಟರ್ ಬೇಯುತ್ತದೆ. ಆಗ ರಿವೈಂಡಿಂಗ್‌ನವರು 'ಓವರ್‌ಲೋಡ್' ಅಂದರೆ ಆ ಒಂದು ಸಲ ಅವರ ಮಾತು ಹೆಚ್ಚುಕಡಿಮೆ ನಿಜವೇ ಆಗಿರುತ್ತದೆ.

ಅರ್ಥಿಂಗ್ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಗ್ರೈಂಡರ್‌ನ ಹೆಸರುಪಟ್ಟಿಯಲ್ಲಿ ಚೌಕದೊಳಗೆ ಚೌಕದ ಗುರುತು ಇರಬೇಕು, ನೋಡಿ. ಡಬಲ್ ಇನ್ಸುಲೇಶನ್ ಎಂದು ಅದರರ್ಥ. ಒಂದು ಇನ್ಸುಲೇಶನ್ ಸೋತರೂ ಇನ್ನೊಂದು ಕಾಯುತ್ತದೆ ಎಂಬ ನಂಬಿಕೆಯ ಮೇಲೆ ಅದಕ್ಕೆ ಅರ್ಥ್ ತಂತಿಯನ್ನೇ ಕೊಟ್ಟಿರುವುದಿಲ್ಲ. ಆರ್ಮೇಚರ್‌ನಲ್ಲಿ ತಂತಿಗೂ ಕಬ್ಬಿಣದ ತಗಡುಗಳಿಗೂ ನಡುವೆ ಮೊದಲನೆಯದು. ತಗಡುಗಳಿಗೂ ಶಾಫ್ಟಿಗೂ ನಡುವೆ ಪ್ಲಾಸ್ಟಿಕ್ ಕೊಳವೆಯಂಥದ್ದೊಂದಿದೆ, ಅದು ಎರಡನೆಯದು. ಧೂಳಿನ ತಂಟೆ ಇಲ್ಲೇ ಇರುವುದು. ಅದು ಯಾವ ಇನ್ಸುಲೇಶನ್ನನ್ನೂ ಮುರಿಯಬೇಕಾಗಿಲ್ಲ, ಕೊಳವೆಯ ತುದಿಯನ್ನು ಹೊರಗಿನಿಂದಲೇ ದಾಟಿ ಕಮ್ಯುಟೇಟರಿಗೂ ಶಾಫ್ಟಿಗೂ ಸೇತುವೆ ಕಟ್ಟಿದರೆ ಎರಡನ್ನೂ ಒಟ್ಟಿಗೆ ಸೋಲಿಸಿದಂತೆ. ಶಾಫ್ಟಿನಿಂದ ಗೇರ್, ಗೇರಿನಿಂದ ಗೇರ್ ಮನೆ, ಅಲ್ಲಿಂದ ಕೈ. ಒಣಗಾಲದಲ್ಲಿ ಆ ಸೇತುವೆ ದುರ್ಬಲ; ತೇವ ಹಿಡಿದಾಗ ಗಟ್ಟಿಯಾಗುತ್ತದೆ. ನಿಮಗೆ ಮಳೆಗಾಲದಲ್ಲೇ ಜುಮ್ಮೆಂದದ್ದಕ್ಕೆ ಕಾರಣ ಇದು.

ಇದಕ್ಕೆ ಮೂರನೇ ತಂತಿ ಹಾಕಬೇಡಿ. ಅದನ್ನು ಕೂರಿಸಲು ಒಳಗೆ ಜಾಗವಿಲ್ಲ, ಗೇರ್ ಮನೆಯ ಸ್ಕ್ರೂಗೆ ಸಿಕ್ಕಿಸಬೇಕಾಗುತ್ತದೆ. ಕೈಯಲ್ಲಿ ಹಿಡಿದು ಅಲುಗಾಡುವ ವಸ್ತುವಿನಲ್ಲಿ ಅಂಥ ಜೋಡಣೆ ಎಷ್ಟು ದಿನ ನಿಂತೀತು? ಬಿಚ್ಚಿಕೊಂಡ ಆ ತಂತಿ ಒಳಗೆ ಲೈವ್‌ಗೆ ತಾಗಿದರೆ ಇದ್ದ ಕಾವಲೂ ಹೋಯಿತು. ಅದಕ್ಕಿಂತ ದೊಡ್ಡ ಭಯ ಶೆಡ್‌ನ ಸ್ವಿಚ್‌ಬೋರ್ಡಿನದು. ಎಷ್ಟೋ ಶೆಡ್‌ಗಳಲ್ಲಿ ಅರ್ಥ್ ಪಿನ್ ಎಲ್ಲಿಗೂ ಹೋಗಿರುವುದಿಲ್ಲ, ಪಾಯಿಂಟಿನಿಂದ ಪಾಯಿಂಟಿಗೆ ಕೊಂಡಿ ಹಾಕಿ ಬಿಟ್ಟಿರುತ್ತಾರೆ. ಅಂಥಲ್ಲಿ ಡ್ರಿಲ್ಲಿಂಗ್ ಮಷಿನ್ ಸೋರಿದರೆ ಅದರ ಶಾಕ್ ಆ ಕೊಂಡಿಯಲ್ಲಿ ಬಂದು, ನೀವು ಅರ್ಥ್ ಕೊಟ್ಟ ಒಳ್ಳೆಯ ಗ್ರೈಂಡರ್ ಹಿಡಿದವನಿಗೆ ಹೊಡೆಯುತ್ತದೆ.

ಬೇಕಿರುವುದು 30 ಮಿಲಿಆಂಪಿನ ಆರ್‌ಸಿಸಿಬಿ. ಈಗಲೂ ಅನೇಕರು ಇಎಲ್‌ಸಿಬಿ ಅನ್ನುತ್ತಾರೆ, ಅಂಗಡಿಯಲ್ಲಿ ಹಾಗೆ ಕೇಳಿದರೂ ಇದನ್ನೇ ಕೊಡುತ್ತಾರೆ. ಮೇಲೆ 30 ಎಂಎ ಎಂದು ಇದೆಯೇ ನೋಡಿಕೊಳ್ಳಿ. 100 ಅಥವಾ 300 ಇದ್ದರೆ ಅದು ಬೆಂಕಿ ತಡೆಯಲು, ಮನುಷ್ಯನಿಗಲ್ಲ. ಲೋಡ್ ಮೀರಿದಾಗ ಬೀಳುವ ಎಂಸಿಬಿ ಇದೆಯಲ್ಲ ಅನ್ನಬೇಡಿ. 16 ಆಂಪಿನ ಎಂಸಿಬಿಗೆ ಮನುಷ್ಯನ ಮೈಯಲ್ಲಿ ಹರಿಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. ಇಡೀ ಶೆಡ್‌ಗೆ ಒಂದೇ ಹಾಕಿದರೆ ಒಂದು ಗ್ರೈಂಡರ್ ಸೋರಿದಾಗ ಏಳೂ ನಿಲ್ಲುತ್ತವೆ, ಎರಡನೇ ದಿನವೇ ಯಾರೋ ಬೈಪಾಸ್ ಮಾಡುತ್ತಾರೆ. ಎರಡು ಮೂರು ಪಾಯಿಂಟಿಗೊಂದರಂತೆ ಹಾಕಿಸಿ, ಒಂದರ ನ್ಯೂಟ್ರಲ್ ಇನ್ನೊಂದಕ್ಕೆ ಬೆರೆಯದಂತೆ ಎಲೆಕ್ಟ್ರೀಶಿಯನ್‌ಗೆ ಹೇಳಿ. ಸುಮ್ಮಸುಮ್ಮನೆ ಬೀಳುತ್ತದೆ ಎಂಬ ದೂರು ಹಲವು ಸಲ ಹುಟ್ಟುವುದು ಆ ಬೆರಕೆಯಿಂದ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಬೇಕು.

ಒಂದು ಸೂಕ್ಷ್ಮ ಹೇಳಬೇಕು. ಅರ್ಥ್ ಇಲ್ಲದ ಗ್ರೈಂಡರ್ ಒಳಗೆ ಸೋರುತ್ತಿದ್ದರೂ, ಆ ಕರೆಂಟಿಗೆ ನೆಲಕ್ಕೆ ಹೋಗುವ ದಾರಿ ಸಿಗುವ ತನಕ ಆರ್‌ಸಿಸಿಬಿಗೆ ಏನೂ ಗೊತ್ತಾಗುವುದಿಲ್ಲ. ದಾರಿ ಸಿಗುವುದು ಮನುಷ್ಯ ಮುಟ್ಟಿದಾಗ. ಪ್ರಾಣ ಉಳಿಯುತ್ತದೆ, ಆದರೆ ಶಾಕಿನ ಏಟು ತಪ್ಪುವುದಿಲ್ಲ. 30 ಮಿಲಿಆಂಪಿಗಿಂತ ಕಡಿಮೆ ಸೋರಿದರೆ ಅದು ಬೀಳದೆಯೂ ಇರಬಹುದು. ಆದ್ದರಿಂದ ಸೋರಿಕೆಯನ್ನು ನಾವೇ ಹುಡುಕಿಕೊಂಡು ಹೋಗಬೇಕು. ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೀಟರ್, ಅಂದರೆ ಮೆಗ್ಗರ್, ಒಂದು ಶೆಡ್‌ನಲ್ಲಿರಲಿ. ಪ್ಲಗ್ ಕಿತ್ತು, ಗ್ರೈಂಡರ್‌ನ ಸ್ವಿಚ್ ಆನ್ ಮಾಡಿಟ್ಟು, ಪ್ಲಗ್ಗಿನ ಎರಡೂ ಪಿನ್‌ಗಳನ್ನು ತಂತಿಯಿಂದ ಒಂದು ಮಾಡಿ ಅದಕ್ಕೊಂದು ಕಡ್ಡಿ, ಡಿಸ್ಕ್ ಕೂರುವ ಸ್ಪಿಂಡಲ್‌ಗೆ ಇನ್ನೊಂದು. ಪಿನ್‌ಗಳನ್ನು ಒಂದು ಮಾಡುವುದು ಮರೆಯಬೇಡಿ, ಸ್ಪೀಡ್ ಕಂಟ್ರೋಲ್ ಇರುವ ಗ್ರೈಂಡರ್ ಆದರೆ ಒಳಗಿನ ಎಲೆಕ್ಟ್ರಾನಿಕ್ಸ್ ಉಳಿಯುವುದು ಅದರಿಂದಲೇ. ಓದು 7 ಮೆಗಾಓಮ್‌ಗಿಂತ ಕೆಳಗೆ ಬಂದರೆ ಅವತ್ತೇ ಬಿಚ್ಚಿ ಸ್ವಚ್ಛ ಮಾಡಿ ಮತ್ತೆ ಅಳೆಯಿರಿ. 2 ಕ್ಕಿಂತ ಕೆಳಗಿದ್ದರೆ ಅದು ರಿಪೇರಿಯಾಗುವ ತನಕ ಮೇಜಿಗೆ ಬರಬಾರದು. ವಾರಕ್ಕೊಮ್ಮೆ ಏಳನ್ನೂ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತ ಹೋದರೆ ಯಾವುದು ದಿನದಿಂದ ದಿನಕ್ಕೆ ಇಳಿಯುತ್ತಿದೆ ಎಂದು ನಿಮಗೇ ಕಾಣುತ್ತದೆ. ಆರ್ಮೇಚರ್ ಸುಡುವ ಮೊದಲೇ ಹಿಡಿಯುವ ದಾರಿ ನನಗೆ ಗೊತ್ತಿರುವುದು ಇದೊಂದೇ.

ಬದಲಿ ಆರ್ಮೇಚರ್ ಕೊಳ್ಳುವಾಗ ಮಲ್ಟಿಮೀಟರ್ ಜೊತೆಗಿಟ್ಟುಕೊಳ್ಳಿ. ಕಬ್ಬಿಣದ ತಗಡಿಗೂ ಶಾಫ್ಟಿಗೂ ಇಟ್ಟರೆ ಬೀಪ್ ಬರಬಾರದು. ಬಂದರೆ ಆ ಪ್ಲಾಸ್ಟಿಕ್ ಕೊಳವೆ ಇಲ್ಲವೆಂದೇ ಅರ್ಥ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ರಿವೈಂಡ್ ಮಾಡಿಸುವುದಾದರೆ ವಾರ್ನಿಶ್ ಹಾಕಿ ಒಲೆಯಲ್ಲಿ ಬೇಯಿಸುತ್ತಾರೆಯೇ, ಬರೀ ಬಿಸಿಲಿಗಿಡುತ್ತಾರೆಯೇ ಕೇಳಿ. ಬಿಸಿಲಿಗಿಟ್ಟದ್ದು ಬೀಡಿನ ಕೆಲಸದಲ್ಲಿ ಹೆಚ್ಚು ದಿನ ಬಾಳುವುದಿಲ್ಲ.

ದೊಡ್ಡ ಪ್ರಮಾಣದಲ್ಲಿ ಫೆಟ್ಲಿಂಗ್ ಇದ್ದರೆ ಗಾಳಿಯ ಗ್ರೈಂಡರ್ ಯೋಚಿಸಿ. ಅದರೊಳಗೆ ತಂತಿಯೂ ಇಲ್ಲ, 230 ವೋಲ್ಟೂ ಇಲ್ಲ. ಒಳಗೆ ಹೋಗುವುದು ನಿಮ್ಮ ಕಂಪ್ರೆಸರ್‌ನ ಫಿಲ್ಟರ್ ದಾಟಿದ ಗಾಳಿ. ಆದರೆ ಅದು ಗಾಳಿ ಕುಡಿಯುವುದು ಹೊಟ್ಟೆಬಾಕನ ಹಾಗೆ, ಟೈರಿಗೆ ಗಾಳಿ ಹಾಕುವ ಸಣ್ಣ ಕಂಪ್ರೆಸರ್ ಅಂಥ ಒಂದು ಗ್ರೈಂಡರನ್ನೂ ತಡೆದುಕೊಳ್ಳುವುದಿಲ್ಲ. ಕರೆಂಟ್ ಬಿಲ್ಲೂ ಏರುತ್ತದೆ. ಬೀಡಿಗೆ ಎರಡು ಗಾಳಿಯವು, ಗೇಟು ಗ್ರಿಲ್‌ಗೆ ಮಾತ್ರ ಕರೆಂಟಿನವು ಎಂದು ಹಂಚಿಕೊಂಡರೆ ನಿಮ್ಮ ಅಳತೆಯ ಶೆಡ್‌ಗೆ ಹೊಂದೀತು. ಬ್ಯಾಟರಿಯವು ಈ ಕೆಲಸಕ್ಕಲ್ಲ. ಶಾಕ್ ಭಯವಿಲ್ಲ ನಿಜ, ಆದರೆ ಬ್ರಷ್‌ಲೆಸ್ ಮೋಟರಿನ ತಿರುಗುವ ಭಾಗದಲ್ಲಿ ಶಾಶ್ವತ ಅಯಸ್ಕಾಂತವಿರುತ್ತದೆ, ಸ್ವಿಚ್ ಆರಿಸಿದ ಮೇಲೂ ಅದು ಕಬ್ಬಿಣದ ಪುಡಿಯನ್ನು ಬಿಡುವುದಿಲ್ಲ.

ಹೀರುಗೂಡು ಮಾಡಿಸುವುದಾದರೆ ಒಂದು ಎಚ್ಚರಿಕೆ. ಕೊಳವೆಯಲ್ಲಿ ಕಿಡಿಗಳೂ ಹೋಗುತ್ತವೆ, ಬಟ್ಟೆಯ ಚೀಲದ ವ್ಯಾಕ್ಯೂಮ್ ಹೊತ್ತಿಕೊಳ್ಳುತ್ತದೆ. ನಡುವೆ ತಗಡಿನ ಡ್ರಮ್ಮಿಟ್ಟು ತಳದಲ್ಲಿ ನೀರು ನಿಲ್ಲಿಸಬೇಕು. ಅಲ್ಯೂಮಿನಿಯಂ ಕಾಸ್ಟಿಂಗ್ ಬಂದ ದಿನ ಮಾತ್ರ ಈ ಡ್ರಮ್ಮಿಗೆ ಅದರ ಪುಡಿ ಬೀಳಬಾರದು. ಅಲ್ಯೂಮಿನಿಯಂ ಪುಡಿಯೂ ತುಕ್ಕಿನ ಪುಡಿಯೂ ಬೆರೆತು ಕಿಡಿ ಬಿದ್ದರೆ ರೈಲು ಹಳಿ ಬೆಸೆಯುವ ಥರ್ಮಿಟ್ ಆಗುತ್ತದೆ. ಒದ್ದೆ ಅಲ್ಯೂಮಿನಿಯಂ ಪುಡಿ ಹೈಡ್ರೋಜನ್ ಬಿಡುತ್ತದೆ. ಅದಕ್ಕೆ ಬೇರೆ ಮೇಜು, ಬೇರೆ ಮೂಲೆ.

ವೆಲ್ಡಿಂಗ್ ಇನ್ವರ್ಟರ್‌ನ ಬೋರ್ಡ್ ಹೋಗಿದ್ದಕ್ಕೂ ಇದೇ ಧೂಳು ಕಾರಣವೆಂದು ಮುಕ್ಕಾಲು ಪಾಲು ಧೈರ್ಯದಿಂದ ಹೇಳಬಲ್ಲೆ. ಅದರ ಬೆನ್ನಿಗೂ ಫ್ಯಾನಿದೆ, ಅದೂ ದಿನವಿಡೀ ಪಕ್ಕದ ಗ್ರೈಂಡರ್‌ನ ಪುಡಿಯನ್ನೇ ಎಳೆಯುತ್ತದೆ. ಒಳಗೆ 230 ವೋಲ್ಟ್ ಎಸಿ ನೇರವಾಗಿ ಡಿಸಿಯಾಗಿ ಸುಮಾರು 325 ವೋಲ್ಟ್ ಆಗಿರುತ್ತದೆ, ಬೋರ್ಡಿನ ಗೆರೆಗಳ ನಡುವೆ ಕೆಲವೇ ಮಿಲಿಮೀಟರ್ ಅಂತರ. ಅಲ್ಲಿ ಗ್ರಾಫೈಟ್ ಕೂತು ಮಳೆಗಾಲದ ತೇವ ಸೇರಿದರೆ ಒಂದು ಬೆಳಗ್ಗೆ ಸ್ವಿಚ್ ಹಾಕಿದಾಗ ಢಂ ಅನ್ನುತ್ತದೆ. ಅದನ್ನು ಗ್ರೈಂಡಿಂಗ್ ಸಾಲಿನಿಂದ ಆದಷ್ಟು ದೂರ, ಗಾಳಿ ಬರುವ ಕಡೆಗೆ, ನೆಲದಿಂದ ಮೂರಡಿ ಎತ್ತರದ ಸ್ಟ್ಯಾಂಡಿನ ಮೇಲಿಡಿ; ಕೇಬಲ್ ಉದ್ದ ಮಾಡಿಸಿಕೊಳ್ಳಿ. ತಿಂಗಳಿಗೊಮ್ಮೆ ಕವರ್ ಬಿಚ್ಚಿ ಅದೇ 2 ಬಾರ್ ಒಣ ಗಾಳಿ. ಆದರೆ ಪ್ಲಗ್ ಕಿತ್ತ ಕೂಡಲೇ ಕವರಿಗೆ ಕೈ ಹಾಕಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಆ 325 ವೋಲ್ಟ್ ಇನ್ನೂ ಕೂತಿರುತ್ತದೆ. ಹೋಗಿ ಚಹಾ ಕುಡಿದು ಬಂದು, ಮೀಟರ್ ಇಟ್ಟು ಸೊನ್ನೆಗೆ ಇಳಿದಿದೆಯೇ ನೋಡಿ, ಆಮೇಲೆ ಬಿಚ್ಚಿ.